ಗುಡಿ ಕೀ ಎಲ್ಲಿರುತ್ತಿತ್ತು?

೧

ಎಲ್ಲಿಂದ ಶುರು ಮಾಡಲಿ? ಪೊಲೀಸರು ಗುಡಿಯ ಧರ್ಮದರ್ಶಿ ಕಲ್ಲಯ್ಯನನ್ನು ಜೀಪು ಹತ್ತಿಸಿದಲ್ಲಿಂದ ಒಂದು ಡ್ರಾಫ್ಟ್ ಬರೆದೆ. ಸಿನಿಮಾ ಥರ ಇತ್ತು, ಹರಿದು ಹಾಕಿದೆ. (ಹರಿಯಲಿಲ್ಲ, ಡಿಲೀಟ್ ಮಾಡಿದೆ. ಹರಿದೆ ಎಂದರೆ ಸಾಹಿತಿ ಅನ್ನಿಸುತ್ತದೆ.) ಟಿ. ನರಸೀಪುರದ ಕೋರ್ಟಿನಿಂದಲೇ ಹಿಡಿಯೋಣ. ಹಿಂದಿನ ಬೆಂಚಿನಲ್ಲಿ ಕಲ್ಲಯ್ಯನ ಹೆಂಡತಿ ಗುರುಸಿದ್ದಮ್ಮ ಕೂತಿದ್ದಾಳೆ. ಅಕ್ಕಪಕ್ಕ ಊರಿನವರು. ಗಂಡನಿಗೆ ಬೇಲ್ ಸಿಗಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

೩

(ಎರಡನೆಯದು ಕಾನೂನಿನ ವಿವರಣೆ. ನನಗೇ ನಿದ್ದೆ ಬಂತು, ತೆಗೆದೆ.)

ಕೇಸು ನಂಬಿಕೆದ್ರೋಹದ್ದು. ದೇವರ ಬೆಳ್ಳಿ ಮುಖವಾಡ ಕಾಣೆಯಾಗಿದೆ, ಬೀಗ ಒಡೆದಿಲ್ಲ. ಕೀ ಯಾರ ಕೈಯಲ್ಲಿತ್ತೋ ಅವನು ಸಿಕ್ಕಿಬೀಳುತ್ತಾನೆ. ಕಲ್ಲಯ್ಯನ ಪರ ನಂಜನಗೂಡಿನ ಲಾಯರು ಅನಿಕೇತ್ ಎದ್ದ.

"ಕೀ ಇವ್ರ ಮನೆ ಕೊಟ್ಟಿಗೆ ಮೊಳೇಲಿ ನೇತಾಡ್ತಿತ್ತು ಸ್ವಾಮಿ. ಹಾಲು ಕರೆಯೋರು, ಗೊಬ್ಬರ ಹೊರೋರು, ಯಾರು ಬೇಕಾದ್ರೂ ತಗೋಬಹುದಿತ್ತು."

ನಿಜವೇ. ಮರೆಗುಳಿ ಕಲ್ಲಯ್ಯ ವರ್ಷಗಳಿಂದ ಅದನ್ನು ಹಸುವಿನ ಹಗ್ಗದ ಜೊತೆ ತೂಗುಹಾಕುತ್ತಿದ್ದ. ಗುರುಸಿದ್ದಮ್ಮ ದಿನಾ ನೋಡುತ್ತಿದ್ದಳು. ಈಗ ಅವಳೇ ದಡಕ್ಕನೆ ಎದ್ದಳು.

"ಸುಳ್ಳು ಸಾ! ದೇವ್ರ ಕೀ ನಮ್ಮನೇವ್ರ ಸೊಂಟ ಬಿಟ್ಟು ಇಳ್ದೇ ಇಲ್ಲ. ಇನ್ನೊಬ್ರ ಕೈ ಸೋಕಿಲ್ಲ!"

ಅನಿಕೇತ್ ಕಣ್ಣು ಮುಚ್ಚಿಕೊಂಡ. ಸರ್ಕಾರಿ ವಕೀಲರು ಕೂತಲ್ಲೇ ನಕ್ಕರು. ಬೇಲ್ ಅರ್ಜಿ ವಜಾ ಆಯಿತು.

೪

"ಅಯ್ಯೋ, ಏನಮ್ಮಾ ಮಾಡ್ದೆ!" ನಾನು ಕತೆಯೊಳಕ್ಕೇ ನುಗ್ಗಿ ಬೈದೆ. "ಆ ಸಾಲು ಅಳಿಸ್ತೀನಿ. ಕೊಟ್ಟಿಗೇಲಿತ್ತು ಅಂತ ಒಪ್ಕೋ. ಗಂಡ ಮನೆಗೆ ಬರ್ತಾನೆ."

"ದೇವ್ರ ಕೀನ ದನದ ಅಗ್ಗದ್ ಜೊತೆ ನೇತಾಕ್ದೋನು ಅಂತ ಊರೋರ್ ಮುಂದೆ ಯೋಳ್ಲಾ? ಜೈಲ್ಗೋಗಿ ಬಂದೋನ್ಗೆ ಒಂದ್ ಲೋಟ ನೀರಾದ್ರೂ ಕೊಟ್ಟಾರು ಕಣಪ್ಪ. ಇಂಥೋನ್ಗೆ ಅದೂ ಇಲ್ಲ."

ಇನ್ನೊಂದು ಮುಕ್ತಾಯ: ಕಟಕಟೆಯಲ್ಲಿ ಕಲ್ಲಯ್ಯನೇ ನಿಜ ಹೇಳಿಬಿಡುತ್ತಾನೆ. ಬರೆದು ನೋಡಿದೆ. ಆಸಾಮಿ ನನ್ನ ಮಾತು ಕೇಳಲಿಲ್ಲ. ಖಾಲಿ ಸೊಂಟ ಮುಟ್ಟಿಕೊಂಡು, ಹೆಂಡತಿಯ ಕಡೆ ನೋಡಿ ಹೌದೆಂದು ತಲೆಯಾಡಿಸಿ, ಪೊಲೀಸರ ಜೊತೆ ಹೊರಟ.

೫ (ಮುಕ್ತಾಯವಲ್ಲ)

ಊರಿಗೆ ಹೋಗಲು ಸೋಸಲೆ ಬಸ್ಸು ಹತ್ತುವ ಮುಂಚೆ ಗುರುಸಿದ್ದಮ್ಮ ನನ್ನನ್ನು ತಡೆದಳು.

"ನಾನ್ ಯೋಳಿದ್ದು ಅಂಗೇ ಇರ್ಲಿ. ಆ ಮೊಳೆ ಇಚಾರ ಮಾತ್ರ ಅಳಿಸ್ಬುಡು. ಯಾರೂ ಓದ್ಬಾರ್ದು."

ಅಳಿಸುತ್ತೇನೆ ಎಂದೆ. ಅವಳು ನಂಬಿ ಬಸ್ಸು ಹತ್ತಿದಳು.

ನೀವು ಆಗಲೇ ಓದಿಬಿಟ್ಟಿದ್ದೀರಿ. ಮುಂದಿನ ತಾರೀಖಿಗೆ ಕೋರ್ಟು ನಿಮ್ಮ ಹೆಸರನ್ನೇ ಕೂಗಿದರೆ, ಊರಿನವರ ಮುಂದೆ ನಿಂತು ಏನು ಹೇಳುತ್ತೀರಿ?