ಅಂಚಿನ ಐದು ಗೀಟು

ಗಾಜನ್ನು ಕಚ್ಚಿ ಹಿಡಿದ ಹಳೆಯ ಸೀಸದ ಪಟ್ಟಿಯ ತುಟಿಯನ್ನು ಚಾಕುವಿನ ಮೊನೆಯಿಂದ ಎತ್ತುವಾಗ ಉಸಿರು ಬಿಗಿಹಿಡಿಯಬೇಕು. ಅವಸರ ಮಾಡಿದರೆ ಗಾಜು ಬಿರಿಯುತ್ತದೆ, ತೀರ ನಿಧಾನಿಸಿದರೆ ಕೈ ನಡುಗುತ್ತದೆ. ಬೆಳಗಿನಿಂದ ಅವಳು ಮೂವತ್ತೊಂದು ತುಂಡು ಬಿಡಿಸಿ ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದಳು: ನೀಲಿ ಮುಸುಕು, ಕಂದು ನೆಲ, ಪೊರಕೆಯ ಹಳದಿ ಕಡ್ಡಿಗಳು, ದೀಪದ ಸುತ್ತಲಿನ ಜೇನುಬಣ್ಣದ ನಾಲ್ಕು ಚೂರು. ಇನ್ನು ಉಳಿದದ್ದು ಮುಖ.

ಈ ಕಿಟಕಿ ಮೂರು ಬೀದಿ ಆಚೆಯ ಚರ್ಚಿನದು. ಸೀಸಕ್ಕೆ ವಯಸ್ಸಾಗಿ ಹೊಟ್ಟೆ ಉಬ್ಬಿತ್ತು. ಎಲ್ಲ ಬಿಚ್ಚಿ ಹೊಸ ಸೀಸ ಕಟ್ಟಿಕೊಡಲು ಅವಳ ಕೆಲಸದ ಕೋಣೆಗೆ ಬಂದಿತ್ತು. ಅಪ್ಪ ಬಿಟ್ಟುಹೋದ ಉದ್ದನೆಯ ಕೋಣೆ ಅದು. ಗೋಡೆಗೆ ಒರಗಿಸಿದ ಬಣ್ಣದ ಗಾಜಿನ ಹಲಗೆಗಳು, ಮೂಲೆಯಲ್ಲಿ ಬಣ್ಣ ಸುಡುವ ಕುಲುಮೆ, ನಡುವೆ ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜು.

ಚಿತ್ರ ಬೈಬಲಿನ ಸುವಾರ್ತೆಯ ಕತೆಯದು. ಹತ್ತು ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸೊಬ್ಬಳು ದೀಪ ಹಚ್ಚಿ, ಮನೆಯೆಲ್ಲ ಗುಡಿಸಿ, ಸಿಕ್ಕುವವರೆಗೂ ಹುಡುಕುತ್ತಾಳೆ. ಆ ಹೆಂಗಸು ಬೇರೆ ಯಾರೂ ಅಲ್ಲ, ದೇವರ ಪ್ರೀತಿಯೇ ಎಂದು ಚಿಕ್ಕಂದಿನಲ್ಲಿ ಅಪ್ಪ ಹೇಳಿಕೊಟ್ಟಿದ್ದರು. ಚಿತ್ರದ ಕೆಳಗೆ ಒಂದು ಪಟ್ಟಿ, ಅದರಲ್ಲಿ ಎರಡೇ ಮಾತು: ದೇವರು ಬೆಳಕು, ದೇವರು ಪ್ರೀತಿ. ಆ ದುಂಡು ಅಕ್ಷರ ಅಕ್ಕನದು. ಮುಖ ಬರೆದದ್ದೂ ಅಕ್ಕನೇ, ಇಪ್ಪತ್ತರ ವಯಸ್ಸಿನಲ್ಲಿ. ಅಪ್ಪ ಮೊದಲ ಸಲ ಇಡೀ ಕಿಟಕಿಯನ್ನು ಅವಳೊಬ್ಬಳ ಕೈಗೆ ಒಪ್ಪಿಸಿದ್ದರು.

ಈಗ ಅಲ್ಲಿ ಮುಖವಿರಲಿಲ್ಲ. ಒಂದು ಹುಬ್ಬಿನ ನೆರಳು, ತುಟಿಯ ಒಂದು ಕೊನೆ, ಅಷ್ಟೇ.

ಬಣ್ಣ ಬರೆದ ಮೈ ಯಾವಾಗಲೂ ಚರ್ಚಿನ ಒಳಗಡೆಗೆ ಇರಬೇಕು. ಹೊರಗಡೆಗೆ ತಿರುಗಿಸಿಬಿಟ್ಟರೆ ಮಳೆ, ಬಿಸಿಲು, ಧೂಳು ಸೇರಿ ಅದನ್ನು ತಿಂದುಹಾಕುತ್ತವೆ. ಬೇರೆ ತುಂಡುಗಳಲ್ಲಿ ಈ ತಪ್ಪಾಗುವುದಿಲ್ಲ, ತಿರುಗಿಸಿದರೆ ಅವು ತಮ್ಮ ಜಾಗದಲ್ಲಿ ಕೂರುವುದೇ ಇಲ್ಲ. ಆದರೆ ಈ ಮುಖದ ತುಂಡು ಮೊಟ್ಟೆಯಾಕಾರದ್ದು. ಹೆಂಗಸು ನೇರ ಕೆಳಗೆ ನೋಡುತ್ತಿದ್ದಾಳೆ, ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ. ಹಿಂದುಮುಂದು ಮಾಡಿ ಕೂರಿಸಿದರೂ ಕೂತೀತು, ಯಾರಿಗೂ ತಿಳಿಯದು. ಐದು ವರ್ಷ ತಿಳಿಯಲೂ ಇಲ್ಲ. ಮುಖ ಮಾಸತೊಡಗಿದಾಗ ಅಪ್ಪ ಏಣಿ ಹತ್ತಿ ಬೆರಳಿನಿಂದ ಮುಟ್ಟಿ ನೋಡಿದರು: ಬಣ್ಣ ಹೊರಮೈಯಲ್ಲಿತ್ತು. ಇಳಿದು ಮನೆಗೆ ಬಂದು, ಕೈಯನ್ನೂ ತೊಳೆಯದೆ, "ಗಾಜಿಗೂ ನಿನಗೂ ಋಣ ಇಲ್ಲ ಬಿಡು" ಎಂದರು ಅಕ್ಕನಿಗೆ. ಅಕ್ಕ ವಾದಿಸಲಿಲ್ಲ. ತಿಂಗಳೊಳಗೆ ಹೊಲಿಗೆ ಕಲಿಯಲು ಹೊರಟಳು. ಕಿಟಕಿಯನ್ನು ಇಳಿಸಿ ಸರಿಮಾಡಿಕೊಡುತ್ತೇನೆಂದು ಅಪ್ಪ ಹೋದರೆ, ಆಗಿನ ಮುದಿ ಫಾದರ್ ಬೇಡವೆಂದರು. ಮುಖ ಹೋದರೂ ಬೆಳಕು ಬರುತ್ತಿದೆಯಲ್ಲ, ಇರಲಿ ಬಿಡಪ್ಪ ಎಂದರು. ಅದಕ್ಕೆ ಇಪ್ಪತ್ತೇಳು ವರ್ಷವಾಯಿತು.

ಸೀಸ ಬಿಟ್ಟುಕೊಂಡಿತು. ಮುಖದ ತುಂಡು ಅಂಗೈಗೆ ಜಾರಿತು. ಗಾಜು ಅಲುಗದಂತೆ ಅಂಚಿಗೆ ಮೆತ್ತಿದ್ದ ಕಪ್ಪು ಲಪ್ಪವನ್ನು ಬಟ್ಟೆಯಿಂದ ಒರೆಸಿ, ಗುರುತು ನೋಡಲು ಅವಳು ತುಂಡನ್ನು ಮೇಜಿನ ದೀಪದ ಮೇಲಿಟ್ಟಳು.

ಅಪ್ಪನ ಕಟ್ಟುನಿಟ್ಟು ಅದು. ತುಂಡನ್ನು ಸೀಸದಲ್ಲಿ ಕೂರಿಸಿದವರು, ಸೀಸದಡಿ ಮರೆಯಾಗುವ ಅಂಚಿನಲ್ಲಿ ತಮ್ಮ ಗುರುತು ಗೀಚಬೇಕು. ಅಪ್ಪನದು ಒಂದು ಗೀಟು, ಅಕ್ಕನದು ಎರಡು, ಅವಳದು ಮೂರು. ಮರೆತರೆ ತಲೆಗೆ ಮೊಟಕು. ಮೂವತ್ತೊಂದು ತುಂಡಿನಲ್ಲೂ ಎರಡೆರಡು ಗೀಟು ಇತ್ತು.

ಇದರಲ್ಲಿ ಐದು ಇದ್ದವು. ಎರಡು ಗೀಟು, ಅದರ ಪಕ್ಕದಲ್ಲಿ ಮೂರು.

ಅವಳು ಎಣಿಸಿದ್ದನ್ನೇ ಮತ್ತೆ ಎಣಿಸಿದಳು. ಆಮೇಲೆ ಸ್ಟೂಲಿನ ಮೇಲೆ ಕುಳಿತಳು.

ಆಗ ಅವಳಿಗೆ ಹದಿನಾರು. ಅಕ್ಕ ಅಪ್ಪನ ಔಷಧಿ ತರಲು ಹೋಗಿದ್ದ ಒಂದು ಮಧ್ಯಾಹ್ನ. ಮುಖ ಅದಾಗಲೇ ತನ್ನ ಜಾಗದಲ್ಲಿ ಕೂತಿತ್ತು, ಸೀಸವನ್ನು ಇನ್ನೂ ಒತ್ತಿ ಮುಚ್ಚಿರಲಿಲ್ಲ. ಅಷ್ಟು ಚೆಂದದ ಮುಖವನ್ನು ನಿಜವಾದ ಬಿಸಿಲಿನಲ್ಲಿ ನೋಡಬೇಕೆಂದು ಅವಳಿಗೆ ಆಸೆಯಾಯಿತು. ಮೆಲ್ಲಗೆ ಎಬ್ಬಿಸಿ ಬಾಗಿಲಿಗೆ ಒಯ್ದು, ಆಚೆ ಈಚೆ ತಿರುಗಿಸಿ ನೋಡಿ, ಬೀದಿಯಲ್ಲಿ ಚಪ್ಪಲಿ ಸದ್ದು ಕೇಳಿ ಓಡಿಬಂದು ವಾಪಸು ಕೂರಿಸಿದಳು. ಕೂರಿಸಿದ್ದಕ್ಕೆ ರೂಢಿಯಂತೆ ಮೂರು ಗೀಟು ಎಳೆದಳು. ಬೆನ್ನು ಬಿಡದ ಅಭ್ಯಾಸ ಕದ್ದು ಮಾಡಿದ ಕೆಲಸಕ್ಕೂ ಸಹಿ ಹಾಕಿಸಿತು.

ಅಕ್ಕನನ್ನು ಅಪ್ಪ ಗಾಜಿನಿಂದ ದೂರ ಮಾಡಿದ ದಿನ ಅವಳಿಗೆ ಇದು ನೆನಪಿರಲಿಲ್ಲವೇ? ಇತ್ತು. ಆದರೆ ಖಾತ್ರಿ ಇರಲಿಲ್ಲ. ತಾನು ಸರಿಯಾಗಿಯೇ ಕೂರಿಸಿರಬಹುದು, ಆಮೇಲೆ ಅಕ್ಕ ಮತ್ತೊಮ್ಮೆ ತೆಗೆದು ಕೂರಿಸುವಾಗ ತಪ್ಪಿರಬಹುದು. ಆ 'ಬಹುದು' ಎಂಬುದನ್ನೇ ಇಪ್ಪತ್ತೇಳು ವರ್ಷ ಕಂಬಳಿಯಂತೆ ಹೊದ್ದುಕೊಂಡಿದ್ದಳು. ಅಕ್ಕ ಮತ್ತೆ ಕೂರಿಸಿದ್ದರೆ ಇನ್ನೂ ಎರಡು ಗೀಟು ಇರಬೇಕಿತ್ತು. ಈ ಐದೇ ಗೀಟು ಕಂಬಳಿಯನ್ನು ಎಳೆದುಹಾಕಿದ್ದವು.

"ಏನೇ ಗುಬ್ಬಿ, ಉಸಿರಾಡ್ತಾ ಇದ್ದೀಯೋ ಇಲ್ವೋ?"

ಬಾಗಿಲಲ್ಲಿ ಅಕ್ಕ, ಕೈಯಲ್ಲಿ ಊಟದ ಡಬ್ಬಿ, ಕುತ್ತಿಗೆಯಲ್ಲಿ ಅಳತೆಯ ಟೇಪು. ನಾಲ್ಕು ಅಂಗಡಿ ಆಚೆಗೆ ಅವಳ ಹೊಲಿಗೆ ಅಂಗಡಿ. ದಿನಾ ಮಧ್ಯಾಹ್ನ ಡಬ್ಬಿ ಅವಳದೇ. ತಂಗಿಗೆ ನಲವತ್ತೆಂಟಾದರೂ ಗುಬ್ಬಿ ಎಂದೇ ಕರೆಯುವಳು.

ಗುಬ್ಬಿ ಒರೆಸುವ ಬಟ್ಟೆಯನ್ನು ಮುಖದ ತುಂಡಿನ ಮೇಲೆ ಎಳೆದಳು. "ಒಳಗೆ ಬಾ ಅಕ್ಕ."

"ಅಯ್ಯೋ ಬೇಡಪ್ಪ. ನಾನು ಹೊಸ್ತಿಲು ದಾಟಿದ್ರೆ ನಿನ್ನ ಗಾಜುಗಳು ತಾವಾಗೇ ಸಿಡೀತವೆ. ಡಬ್ಬಿ ಇಲ್ಲಿಟ್ಟಿದ್ದೀನಿ. ಉಪ್ಪು ಒಂಚೂರು ಮುಂದಾಗಿದೆ. ನಿಮ್ಮ ಭಾವ ಏನೂ ಅನ್ನದೆ ತಿಂದ್ರು, ಅಂದ್ರೆ ತುಂಬಾನೇ ಮುಂದಾಗಿದೆ ಅಂತ."

ಅಕ್ಕ ಇಲ್ಲಿಗೆ ಬಂದಾಗೆಲ್ಲ ಹೀಗೇ. ಹೊಸ್ತಿಲಾಚೆ ನಿಲ್ಲುತ್ತಾಳೆ, ಎರಡೂ ಕೈ ಬೆನ್ನ ಹಿಂದೆ. ನೀರನ್ನೂ ಸ್ಟೀಲಿನ ಲೋಟದಲ್ಲೇ ಕುಡಿಯುತ್ತಾಳೆ. ಆದರೆ ತನ್ನ ಅಂಗಡಿಯಲ್ಲಿ ಯಾವ ಬಟ್ಟೆಯನ್ನೂ ಕಿಟಕಿಗೆ ಎತ್ತಿ ಹಿಡಿದು, ಬೆಳಕು ಹೇಗೆ ದಾಟುತ್ತದೆಂದು ನೋಡದೆ ಕತ್ತರಿ ಹಾಕುವವಳಲ್ಲ. ಗಿರಾಕಿಗಳು ಅದನ್ನು ನೋಡಿ ನಗುತ್ತಾರೆ. ಗುಬ್ಬಿಗೆ ಎಂದೂ ನಗು ಬಂದಿರಲಿಲ್ಲ.

"ಬಿಚ್ಚಿ ಆಯ್ತಾ ಅಮ್ಮ?" ಎನ್ನುತ್ತ ಅಕ್ಕನ ಹಿಂದೆಯೇ ಈಗಿನ ಫಾದರ್ ಬಂದರು. ಇನ್ನೂ ನಲವತ್ತು ತುಂಬದ, ಮೂರು ಮೆಟ್ಟಿಲಿಗೆ ಏದುಸಿರು ಬಿಡುವ ಮನುಷ್ಯ. ಒಳಗೆ ಬಂದು ಮೇಜಿನ ಮೇಲಿನ ತುಂಡುಗಳನ್ನು ನೋಡಿ, "ದೇವರೇ, ಮತ್ತೆ ಜೋಡಿಸೋಕೆ ಬರುತ್ತೆ ತಾನೇ?" ಎಂದರು.

"ಬರದಿದ್ರೆ ಚೀಲದಲ್ಲಿ ಹಾಕಿ ಕೊಡ್ತಾಳೆ, ನೀವೇ ಜೋಡಿಸ್ಕೊಳ್ಳಿ ಫಾದರ್," ಎಂದಳು ಅಕ್ಕ.

"ಆ ಮುಖ ಮಾತ್ರ ಭಾನುವಾರಕ್ಕೆ ಮುಂಚೆ ಆಗ್ಬೇಕಲ್ಲ ಅಮ್ಮ. ಅವತ್ತು ಚರ್ಚಲ್ಲಿ ನಾನು ಹೇಳೋ ಪ್ರಸಂಗ ಈ ಹೆಂಗಸಿನ ಮೇಲೇನೇ. ಯಾರೋ ಪುಣ್ಯಾತ್ಮರು ಹಿಂದುಮುಂದು ಮಾಡಿ ಕೂರಿಸಿದ್ರಂತೆ?"

"ಆ ಪುಣ್ಯಾತ್ಮಳು ನಾನೇ," ಅಕ್ಕ ಬಾಗಿಲಿಂದಲೇ ತಲೆಬಾಗಿದಳು. "ನೋಡ್ಕೊಳ್ಳಿ. ದೇವರ ಮುಖಾನೇ ಮಳೆಗೆ ಹಿಡಿದವಳು. ನರಕದಲ್ಲಿ ನನಗೆ ಬೇರೆ ಕೋಣೆ ಇರಬೇಕು."

ಫಾದರ್ ಕಿವಿಯವರೆಗೂ ಕೆಂಪಾದರು. "ಅಯ್ಯೋ, ನನಗೆ ಗೊತ್ತಿರಲಿಲ್ಲ..."

"ಇರಲಿ ಬಿಡಿ ಫಾದರ್. ಇದಕ್ಕೂ ಬೇಜಾರು ಮಾಡ್ಕೊಳ್ಳೋ ವಯಸ್ಸಾ ನಂದು? ಅಲ್ಲ, ಒಂದು ಕೇಳ್ತೀನಿ. ದೇವರು ಪೊರಕೆ ಹಿಡಿದು ಕಸ ಗುಡಿಸೋದನ್ನ ಇನ್ನೆಲ್ಲಾದ್ರೂ ಬರೆದಿದ್ದಾರಾ? ನಾನು ಇದನ್ನ ಬರೆಯೋವಾಗ ಅದೇ ಖುಷಿ ನನಗೆ. ಸೊಂಟ ನೋವು ಅಂದ್ರೆ ಏನಂತ ಈ ದೇವರಿಗಾದ್ರೂ ಗೊತ್ತಿರುತ್ತೆ ಅಂತ."

ಈಗಲೇ ಹೇಳಬೇಕು, ಗುಬ್ಬಿಗೆ ಅನಿಸಿತು. ಬಟ್ಟೆ ಸರಿಸಿದರೆ ಸಾಕು. ಕೈ ಬಟ್ಟೆಯ ಅಂಚಿನವರೆಗೆ ಹೋಗಿ ಹಿಂದೆ ಬಂತು. ಫಾದರ್ ಎದುರಿಗೆ ಬೇಡ ಎಂದು ತನಗೇ ಒಂದು ನೆಪ ಕೊಟ್ಟುಕೊಂಡಳು. ನೆಪ ನಿಜವೂ ಆಗಿತ್ತು, ನೆಪವೂ ಆಗಿತ್ತು.

ಫಾದರ್ ದೀಪದ ಸುತ್ತಲಿನ ಜೇನುಬಣ್ಣದ ಚೂರೊಂದನ್ನು ಎತ್ತಿ ಹಿಡಿದರು. ಅವರ ಬಿಳಿ ಅಂಗಿಯ ಮೇಲೆ ಒಂದು ಸಣ್ಣ ಚಿನ್ನದ ಬಣ್ಣ ಅಲುಗಿತು. "ಬೆಳಕು ಅಂದ್ರೆ ನಮ್ಮ ಜನ ಹೆದರ್ತಾರೆ ಅಮ್ಮ. ಬಚ್ಚಿಟ್ಟಿದ್ದೆಲ್ಲ ಕಾಣುತ್ತೆ, ಸಿಕ್ಕಿಬೀಳ್ತೀವಿ ಅಂತ. ಆದ್ರೆ ಇವಳು ದೀಪ ಹಚ್ಚಿದ್ದು ಯಾರನ್ನೂ ಹಿಡಿಯೋಕಲ್ಲ ನೋಡಿ. ಕಳೆದುಹೋದದ್ದು ಅವಳಿಗೆ ಬೇಕಾಗಿತ್ತು. ಒಂಬತ್ತಿದೆಯಲ್ಲ, ಸಾಕು ಅನ್ನಲಿಲ್ಲ. ಭಾನುವಾರ ಇಷ್ಟೇ ಹೇಳ್ಬೇಕು ಅಂತಿದ್ದೀನಿ."

"ಇಷ್ಟೇ ಹೇಳಿ ನಿಲ್ಸಿದ್ರೆ ನಿಮಗೂ ಪುಣ್ಯ, ನಮಗೂ ಪುಣ್ಯ," ಎಂದಳು ಅಕ್ಕ. ಫಾದರ್ ನಗುತ್ತ ಹೊರಟರು. ಗಿರಾಕಿ ಕಾಯುತ್ತಿದ್ದಾರೆಂದು ಅಕ್ಕನೂ ಹೊರಟಳು. ಹೋಗುವ ಮುನ್ನ ಒಂದು ಗಳಿಗೆ ಮೇಜಿನ ಕಡೆಗೆ, ಪೊರಕೆಯ ಹಳದಿ ಕಡ್ಡಿಗಳ ಕಡೆಗೆ ನೋಡಿದಳು. ಬೆನ್ನ ಹಿಂದಿನ ಕೈಗಳು ಒಂದನ್ನೊಂದು ಹಿಡಿದುಕೊಂಡೇ ಇದ್ದವು.

ಡಬ್ಬಿಯ ಊಟ ಉಪ್ಪಾಗಿತ್ತು. ಗುಬ್ಬಿ ಅಷ್ಟನ್ನೂ ಉಂಡಳು.

ಆಮೇಲೆ ಹೊಸ ಗಾಜನ್ನು ಹಳೆಯ ಅಳತೆಗೆ ಕೊಯ್ದಳು, ಅಂಚು ಉಜ್ಜಿದಳು, ಕಂದು ಬಣ್ಣದ ಪುಡಿಯನ್ನು ಗೋಂದಿನ ನೀರಿನಲ್ಲಿ ಅರೆದಳು. ಮುಖ ಬರೆಯಲು ಅವಳಿಗೆ ಬಾರದೆಂದೇನಲ್ಲ. ಅವಳ ಕೈಯ ಸಂತರು ಊರ ನಾಲ್ಕಾರು ಚರ್ಚುಗಳಲ್ಲಿ ಇದ್ದಾರೆ, ಸರಿಯಾದ ಮೂಗು, ಸರಿಯಾದ ಕಣ್ಣು. ಅಕ್ಕನ ಮುಖದಲ್ಲಿ ಅದಲ್ಲದೆ ಇನ್ನೇನೋ ಇತ್ತು. ಅದನ್ನು ಬಿಸಿಲಿನಲ್ಲಿ ನೋಡಬೇಕೆಂದು ತಾನೇ ಅವಳು ಅಂದು ಕದ್ದೊಯ್ದದ್ದು.

ಕುಂಚವನ್ನು ಬಣ್ಣಕ್ಕೆ ಅದ್ದಿದಳು. ಗಾಜಿನ ಮೇಲೆ ಒಯ್ದಳು. ಹುಬ್ಬಿನ ಜಾಗದಲ್ಲಿ ಕೈ ನಿಂತಿತು.

ಮುಖ ಬರೆದು, ಸುಟ್ಟು, ಹಳೆಯ ತುಂಡನ್ನು ಒಡೆದ ಗಾಜಿನ ಡಬ್ಬಕ್ಕೆ ಹಾಕಿದರೆ ಮುಗಿಯಿತು. ನಾಳೆಯೂ ಡಬ್ಬಿ ಬರುತ್ತದೆ. ಅಕ್ಕ ಹೊಸ್ತಿಲಲ್ಲಿ ನಿಂತು ತನ್ನನ್ನೇ ಹೀಯಾಳಿಸಿಕೊಂಡು ನಗಿಸುತ್ತಾಳೆ. ಹೇಳಿದರೆ? ಆ ನಗು ಉಳಿಯದೇ ಹೋಗಬಹುದು. ಡಬ್ಬಿ ನಿಲ್ಲಬಹುದು. ಅಕ್ಕ ಬೈದರೆ ಹೇಗೋ ತಡೆದುಕೊಳ್ಳಬಹುದು. ಒಂದೂ ಮಾತಾಡದೆ ಹೊರಟುಹೋದರೆ?

ಒಡಹುಟ್ಟಿದವರನ್ನು ದ್ವೇಷಿಸುವವರು ಕತ್ತಲಲ್ಲಿ ಇದ್ದಾರೆ ಎಂದು ಚರ್ಚಿನಲ್ಲಿ ಓದುವಾಗೆಲ್ಲ ಅವಳು ನೆಮ್ಮದಿಯಾಗಿಯೇ ಕೂತಿರುತ್ತಿದ್ದಳು. ಅಕ್ಕನನ್ನು ಅವಳು ಎಂದೂ ದ್ವೇಷಿಸಿದವಳಲ್ಲ. ಪ್ರೀತಿ ಇಟ್ಟುಕೊಂಡೇ ಒಬ್ಬಳು ಅಕ್ಕನನ್ನು ಹೊಸ್ತಿಲಾಚೆ ನಿಲ್ಲಿಸಿಡಬಹುದು ಎಂದು ಯಾರೂ ಓದಿ ಹೇಳಿರಲಿಲ್ಲ.

ಮೇಜಿನ ಮೇಲೆ ದೀಪ ಹಿಡಿದ ಕೈ, ಪೊರಕೆ, ನೆಲ ಎಲ್ಲ ಹೊಳೆಯುತ್ತಿದ್ದವು. ನಡುವೆ ಮೊಟ್ಟೆಯಾಕಾರದ ಖಾಲಿ ಜಾಗ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಮನೆಯಲ್ಲಿ ಕಳೆದ ವಸ್ತು ಮನೆಯಲ್ಲೇ ಎಲ್ಲೋ ಇರುತ್ತದೆ. ಗುಡಿಸುವ ಮನಸ್ಸು ಮಾಡಬೇಕು, ಅಷ್ಟೇ.

ಅವಳು ತನ್ನ ಕುಂಚವನ್ನು ತೊಳೆದಿಟ್ಟಳು. ಅಪ್ಪನ ಮರದ ಪೆಟ್ಟಿಗೆಯ ತಳದಿಂದ ಇನ್ನೊಂದು ಕುಂಚ ತೆಗೆದಳು. ಹಿಡಿಯ ತುದಿಯಲ್ಲಿ ಹಲ್ಲಿನ ಗುರುತುಗಳಿದ್ದವು. ಯೋಚಿಸುವಾಗ ಅಕ್ಕ ಅದನ್ನು ಕಚ್ಚುತ್ತಿದ್ದಳು. ಗಟ್ಟಿಯಾಗಿದ್ದ ಕೂದಲನ್ನು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿದಳು. ಗೋಡೆಯ ಬಳಿಯಿದ್ದ ಎರಡನೆಯ ಸ್ಟೂಲನ್ನು ಒರೆಸಿ ಮೇಜಿನ ಪಕ್ಕಕ್ಕೆ ಎಳೆದಳು. ಹಳೆಯ ಮುಖವನ್ನು, ಐದು ಗೀಟಿನ ಅಂಚು ಮೇಲೆ ಕಾಣುವ ಹಾಗೆ, ಬಿಳಿ ಬಟ್ಟೆಯ ಮೇಲಿಟ್ಟಳು. ಫಾದರ್‌ಗೆ ಫೋನ್ ಮಾಡಿ, ಮುಖ ಭಾನುವಾರಕ್ಕೆ ಆಗುವುದಿಲ್ಲ, ಕಾಯಬೇಕು ಎಂದಳು. ಯಾಕೆಂದು ಅವರು ಕೇಳಿದರು. ಕೆಲಸ ಇನ್ನೂ ಇದೆ ಎಂದಷ್ಟೇ ಹೇಳಿದಳು.

ಸಂಜೆ ಅಂಗಡಿ ಮುಚ್ಚಿ ಹೊರಟ ಅಕ್ಕ ಖಾಲಿ ಡಬ್ಬಿಗೆಂದು ಹೊಸ್ತಿಲಲ್ಲಿ ನಿಂತಳು. ಗುಬ್ಬಿ ತೊಳೆದ ಡಬ್ಬಿಯನ್ನು ತಾನೇ ಬಾಗಿಲಿಗೆ ಒಯ್ದು ಕೊಟ್ಟಳು.

"ನಾಳೆ ಏನು ತರ್ಲೇ?"

"ಏನಾದ್ರೂ ತಾ. ಇಬ್ಬರಿಗಾಗೋಷ್ಟು ತಾ. ನಿನ್ನ ಅಂಗಡಿ ಒಂದು ಹೊತ್ತು ಮುಚ್ಚಿಟ್ಟು ಬಾ."

"ಯಾಕೆ, ಯಾರಾದ್ರೂ ಬರ್ತಾರಾ?"

"ಬರ್ತಾರೆ ಒಬ್ರು."

"ದೊಡ್ಡ ಮನುಷ್ಯರಾ? ಉಪ್ಪು ನೋಡ್ಕೊಂಡು ಹಾಕ್ತೀನಿ ಹಾಗಾದ್ರೆ," ಎಂದು ಅಕ್ಕ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ನಡೆದಳು. ಗುಬ್ಬಿ ಬೀದಿಯ ತಿರುವಿನವರೆಗೂ ಅವಳನ್ನು ನೋಡಿದಳು. ಒಳಗೆ ಬಂದು, ಕುಂಚದ ಕೂದಲು ಮೆತ್ತಗಾಗಿದೆಯೇ ಎಂದು ಬೆರಳಲ್ಲಿ ಒತ್ತಿ ನೋಡಿ, ಇನ್ನೊಂದಿಷ್ಟು ಬೆಚ್ಚಗಿನ ನೀರು ಸುರಿದಳು.