ಅವರ ಸೀನು

೧
ಹೇಗೆ ಶುರು ಮಾಡಲಿ? "ಒಂದು ಸಂಜೆ" ಅನ್ನೋಣವೆಂದರೆ ಸಂಜೆ ನನಗೆ ಪುರುಸೊತ್ತೆಲ್ಲಿದೆ? (ತಾಳಿ, ಹಾಲು ಉಕ್ಕುತ್ತಿದೆ.)

೨
ಬಂದೆ. ಸಂಶೋಧಕರು ಮುಕ್ತವಾಗಿ ಬಿಟ್ಟುಕೊಟ್ಟ ಡೇಟಾದಲ್ಲಿ ಯಾವುದನ್ನು ಎಲ್ಲರೂ ಬಳಸಬಹುದಾದ ಸಂಗ್ರಹಕ್ಕೆ ಸೇರಿಸಬಹುದೆಂದು ಮನೆಯಲ್ಲೇ ಕೂತು ಆರಿಸುವುದು ನನ್ನ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೇ. ಇಲ್ಲಿ ಕೆಲವೊಮ್ಮೆ ಕಲ್ಲೇ ಬೇಕಾಗಿರುತ್ತದೆ, ಅಷ್ಟೇ. ಈ ಸಲ ಬಂದದ್ದು ಸೀನುಗಳು. ಯಾವುದೋ ಆಸ್ಪತ್ರೆಯವರು ರೋಗಿಗಳ ಒಪ್ಪಿಗೆ ಪಡೆದು, ಹೆಸರು ಅಳಿಸಿ, ರೆಕಾರ್ಡ್ ಮಾಡಿಟ್ಟದ್ದು. (ಕಥೆಗೆ ಒಂದಾದರೂ ಸೀನು ಬೇಕು ಅನ್ನುತ್ತಾರೆ. ನನ್ನಲ್ಲಿ ಸಾವಿರಾರಿವೆ.) ನಿಯಮ ಒಂದೇ: ಯಾರದೆಂದು ಗುರುತು ಸಿಕ್ಕರೆ ಆ ಸೀನನ್ನು ಅಳಿಸಬೇಕು.

೩
ಲ್ಯಾಪ್‌ಟಾಪ್ ಸೀನಿತು. ಮೊದಲು ಎಳೆದಾಟ, ಆಮೇಲೆ ಸಿಡಿಲು, ಕೊನೆಗೆ ಮೆಲ್ಲನೆ "ಆಯ್ತಪ್ಪಾ".

ಅಡುಗೆಮನೆಯಿಂದ ಅತ್ತೆ ಅಂದರು, "ಬಾಗಿಲು ತೆಗಿಯೇ, ಅವರು ಬಂದ್ರು."

ಮಾವ ಆಸ್ಪತ್ರೆಯಲ್ಲಿ ತೀರಿಕೊಂಡು ವರ್ಷದ ಮೇಲಾಯಿತು.

೪
(ಈ ಭಾಗ ಹರಿದೆ. ಅದರಲ್ಲಿ ಅತ್ತೆ ಅಳುತ್ತಿದ್ದರು. ಓದಿ ಹೇಳಿದರೆ, "ನಾನ್ಯಾವಾಗ ಅತ್ತೆ?" ಅಂದರು. "ನಾನು ಈ ಮನೆಗೆ ಬಂದಾಗಿನಿಂದ" ಅಂದೆ. "ತಲೆಹರಟೆ. ಈರುಳ್ಳಿ ಹೆಚ್ತಿದ್ದೆ, ಹಾಗೇ ಬರಿ.")

ಹಾಗೇ ಬರೆಯುತ್ತೇನೆ. ಈರುಳ್ಳಿ ಬಿಟ್ಟು ಬಂದು ಪಕ್ಕದಲ್ಲಿ ಕೂತರು. ಅಳಿಸುವ ನಿಯಮ ಹೇಳಿದೆ.

"ಅಳಿಸಿದ್ರೆ ಅದು ಎಲ್ಲಿಗೆ ಹೋಗತ್ತೆ?"

"ಎಲ್ಲಿಗೂ ಇಲ್ಲ ಅತ್ತೆ. ಇರಲ್ಲ, ಅಷ್ಟೆ."

"ಇದ್ದಾಗ ಮೆತ್ತಗೆ ಸೀನಿ ಅಂತ ನಾನು ಬೈದೆ. ಈಗ ನೀನು ಪೂರ್ತಿ ಬಾಯಿ ಮುಚ್ಚಿಸು."

೫
ಅಷ್ಟರಲ್ಲಿ ನಮ್ಮ ಮುಖ್ಯಸ್ಥರ ಫೋನು, ಯಾವುದಾದರೂ ಗುರುತು ಸಿಕ್ಕಿತಾ ಅಂತ. ಸುಳ್ಳು ಹೇಳಲಾರದೆ, ಒಂದನ್ನು ಅತ್ತೆ ಗುರುತಿಸಿದ್ದಾರೆ ಅಂದುಬಿಟ್ಟೆ. ಫೋನು ಅತ್ತೆಯ ಕೈಗೆ ಹೋಯಿತು.

"ಯಾರದಮ್ಮಾ ಸೀನು?"

"ಅವರದು."

"ಅವರು ಅಂದ್ರೆ?"

"ಅವರು ಅಂದ್ರೆ ಅವರಪ್ಪಾ. ಇನ್ಯಾರು?"

"ಹೆಸರು?"

"ನಾನ್ಯಾವತ್ತು ಅವರನ್ನ ಹೆಸರು ಹಿಡಿದು ಕರೆದಿದ್ದೀನಿ?"

ಮುಖ್ಯಸ್ಥರು ಯೋಚಿಸಿ ನನಗೆ ಹೇಳಿದರು, "ಅವರು ಅಂದ್ರೆ ಸರ್ವನಾಮ ಮೇಡಂ. ಗುರುತು ಸಿಕ್ಕಿತು ಅನ್ನೋಕಾಗಲ್ಲ. ನಿಮಗೆ ಗೊತ್ತಾ, ಯಾರದು?"

೬
ಮುಕ್ತಾಯ ಒಂದು: "ನಮ್ಮ ಮಾವನದು" ಅನ್ನುತ್ತೇನೆ. ಸೀನು ಅಳಿಯುತ್ತದೆ. ಅತ್ತೆ ನನ್ನ ಜೊತೆ ಮಾತು ಬಿಡುತ್ತಾರೆ.

ಮುಕ್ತಾಯ ಎರಡು: "ಗೊತ್ತಿಲ್ಲ" ಅನ್ನುತ್ತೇನೆ. ಸೀನು ಉಳಿಯುತ್ತದೆ. ಯಾವ ದೇಶದವನೋ ಅದನ್ನು ರಿಂಗ್‌ಟೋನ್ ಮಾಡಿಕೊಳ್ಳುತ್ತಾನೆ.

("ಮಾಡ್ಕೊಳ್ಳಲಿ ಬಿಡು," ಅಂದರು ಬಗ್ಗಿ ಓದುತ್ತಿದ್ದ ಅತ್ತೆ. "ಅವರಿಗೂ ದೇಶ ಸುತ್ತೋ ಆಸೆ ಇತ್ತು.")

"ಮೇಡಂ, ಲೈನಲ್ಲಿದ್ದೀರಾ?"

"ಒಂದ್ನಿಮಿಷ ಸಾರ್. ಇನ್ನೊಂದ್ಸಲ ಕೇಳಿ ಹೇಳ್ತೀನಿ."

ಕೇಳಿದೆವು. "ಸರಿಯಾಗಿ ಕೇಳಿಸ್ಲಿಲ್ಲ" ಎಂದು ಅತ್ತೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಮತ್ತೆ ಹಾಕಿದೆ. ಮುಖ್ಯಸ್ಥರು ಕಾಯುತ್ತಿದ್ದಾರೆ, ನೀವೂ ಸ್ವಲ್ಪ ತಾಳಿ.