ಅಕ್ಕನ ಉಗ್ರಾಣಕ್ಕೆ ಕೈ ಹಾಕಿದ್ದು

ಎಲ್ಲಿಂದ ಶುರು ಮಾಡಲಿ? ಬಾಗಿಲಿನಿಂದ ಎಂದರೆ, ಈ ಉಗ್ರಾಣದ ಬಾಗಿಲು ಪೂರ್ತಿ ತೆರೆಯುವುದೇ ಇಲ್ಲ. ಹಿಂದೆ ಅಕ್ಕಿ ಚೀಲ ಅಡ್ಡ ಕೂತಿದೆ. (ಮೊದಲ ಡ್ರಾಫ್ಟಿನಲ್ಲಿ ಚೀಲವನ್ನು ಎತ್ತಿಸಿದ್ದೆ. ಕಥೆ ಸಲೀಸಾಗಿ ಒಳಗೆ ಹೋಯಿತು, ಅಷ್ಟೇ ಸಲೀಸಾಗಿ ಹೊರಗೂ ಬಂದುಬಿಟ್ಟಿತು. ಹರಿದು ಹಾಕಿದೆ.) ಸಂದಿಯಲ್ಲೇ ನುಸುಳೋಣ, ಬನ್ನಿ.

೧

ಒಳಗೆ ನಿಂತಿರುವವಳು ತಂಗಿ. ಬಟ್ಟೆ ಹೊಲಿಯುವುದು ಅವಳ ಕಸುಬು. ಮನೆಯಲ್ಲಿ ಇರುವವರು ಇಬ್ಬರೇ: ಇವಳು ದುಡಿಯುತ್ತಾಳೆ, ಅಕ್ಕ ಅಡುಗೆ ನೋಡಿಕೊಳ್ಳುತ್ತಾಳೆ. ಹೊಲಿಗೆ ಅಂಗಡಿಗೆ ರಜೆಯಿದ್ದ ಆ ಮಧ್ಯಾಹ್ನ ಅಕ್ಕ ಮಲಗಿದ್ದಳು. ಕಿಂಡಿಯ ಬಿಸಿಲಿನಲ್ಲಿ ಹಿಟ್ಟಿನ ಧೂಳು ಎಲ್ಲಿಗೂ ಹೋಗುವ ಆತುರವಿಲ್ಲದೆ ತೇಲುತ್ತಿತ್ತು.

ಸಾಸಿವೆ ಒಂದು ಮೂಲೆಯಲ್ಲಿ, ಮತ್ತೆ ಸಾಸಿವೆ ಇನ್ನೊಂದು ಮೂಲೆಯಲ್ಲಿ. ಬೇಳೆಯ ಮೇಲೆ ಸೋಪು. ಅಂಗಡಿಯಲ್ಲಿ ಸಿಗುವ ಚೆಂದದ ಡಬ್ಬಿಗಳು ಕೈಗೆಟುಕುವಂಥವಲ್ಲ. ಹಾಗಾಗಿ ತಂಗಿ ಜಾಮಿನ ಖಾಲಿ ಬಾಟಲಿಗಳನ್ನು ತೊಳೆದಳು, ಎಣ್ಣೆ ಕ್ಯಾನಿನ ತಲೆ ಕತ್ತರಿಸಿದಳು, ಶೂ ಡಬ್ಬಿಗೆ ಕಾಗದ ಹೊದಿಸಿದಳು. ಎಲ್ಲವನ್ನೂ ಸಾಲಾಗಿಟ್ಟು, ದುಂಡಗಿನ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದಳು. (ಇಲ್ಲಿಗೇ ಮುಗಿಸಿದ್ದರೆ ಇದೊಂದು ಒಳ್ಳೆಯ ಮನೆವಾರ್ತೆಯ ಲೇಖನವಾಗುತ್ತಿತ್ತು. ನನಗೂ ನಾಲ್ಕು ಜನ ಓದುಗರು ಹೆಚ್ಚು ಸಿಗುತ್ತಿದ್ದರು.)

೨

ಅಕ್ಕ ಎದ್ದು ಬಂದಳು. ಟೀಗೆಂದು ಅವಳ ಕೈ ಸಕ್ಕರೆಯಿದ್ದ ಜಾಗಕ್ಕೆ ಹೋಯಿತು, ಅಲ್ಲೇ ನಿಂತಿತು. ನಿದ್ದೆಯಲ್ಲಿದ್ದಾಗ ಯಾರೋ ತನ್ನ ಬೀದಿಯನ್ನೇ ತಿರುಗಿಸಿಟ್ಟಿದ್ದಾರೆ ಎನ್ನುವಂತೆ.

"ನೋಡಕ್ಕಾ, ಎಲ್ಲಕ್ಕೂ ಚೀಟಿ ಅಂಟಿಸಿದೀನಿ."

"ಚೆನ್ನಾಗಿದೆ ಕಣೇ," ಎಂದಳು ಅಕ್ಕ, ಪಕ್ಕದ ಖಾಲಿ ಗೋಡೆಯನ್ನು ನೋಡುತ್ತ.

ಟೀ ಬಂತು. ಒಂದು ಗುಟುಕಿಗೇ ತಂಗಿ ಮುಖ ಕಿವುಚಿದಳು. ಉಪ್ಪು.

"ಅಕ್ಕಾ, ಸಕ್ಕರೆ ಅಂತ ಎಲ್ಲಿ ಬರ್ದಿದೆ, ತೋರ್ಸು."

"ಪರೀಕ್ಷೆ ಇಡೋಕೆ ಬಂದ್ಯಾ?"

(ಇಲ್ಲಿ ಅಕ್ಕ ಬಿಕ್ಕಿ ಬಿಕ್ಕಿ ಅಳುತ್ತಾಳೆ ಎಂದು ಬರೆದೆ. ಅವಳು ಸುತರಾಂ ಒಪ್ಪಲಿಲ್ಲ.

"ನಾನ್ಯಾಕೆ ಅಳ್ಲಿ? ಬೇಕಾದ್ರೆ ನೀವೇ ಅತ್ಕೊಳ್ಳಿ."

"ಕಣ್ಣು ಯಾವಾಗಿಂದ ಹೀಗೆ?" ಎಂದೆ.

"ಅದನ್ನ ಅವಳು ಕೇಳ್ಲಿ. ನೀವ್ಯಾರು?"

ಪ್ರಶ್ನೆಯನ್ನು ತಂಗಿಗೇ ಬಿಟ್ಟುಕೊಟ್ಟೆ.)

೩

ತಂಗಿಯೇ ಕೇಳಿದಳು.

"ಮಂಜು ಕವಿದ ಹಾಗೆ," ಎಂದಳು ಅಕ್ಕ. "ಮೊದ್ಲು ಅಕ್ಷರ ಹೋಯ್ತು. ಆಮೇಲೆ ಡಬ್ಬಿಗಳು. ಕೈಗೆ ಜಾಗ ಗೊತ್ತಿತ್ತಲ್ಲ, ಸಾಕು ಅನ್ಕೊಂಡೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಒಲೆ ಹತ್ರ ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ತಂಗಿ ಎದ್ದುಹೋಗಿ ಚೂರುಬಟ್ಟೆಯ ಚೀಲ ತಂದು ನೆಲದ ಮೇಲೆ ಸುರಿದಳು. ಉಪ್ಪಿನ ಬಾಟಲಿಯ ಕೊರಳಿಗೆ ವೆಲ್ವೆಟ್ ಸುತ್ತಿದಳು.

ಅಕ್ಕ ಬೆರಳಾಡಿಸಿ ನೋಡಿದಳು. "ಉಪ್ಪಿಗೆ ಇಷ್ಟು ಮೆತ್ತಗಿನ ಬಟ್ಟೆಯೇನೇ? ಅದು ಸಕ್ಕರೆಗಿರ್ಲಿ. ಉಪ್ಪಿಗೆ ಗೋಣಿ ಕಟ್ಟು."

"ಮೆಣಸಿನಪುಡಿಗೆ?"

"ಜಿಪ್ಪು. ನಿನ್ ಬಾಯಿಗೆ ಹಾಕೋಣ ಅಂತಿದ್ದೆ, ಇರ್ಲಿ ಬಿಡು."

ತಂಗಿಗೆ ನಗು ಬಂತು. ನಗುತ್ತಲೇ ಅತ್ತಳು. (ಇದನ್ನು ನಾನು ಬರೆಸಿದ್ದಲ್ಲ.)

ಬಿಸಿಲು ನೆಲದಿಂದ ಗೋಡೆಗೆ ಹತ್ತಿತು. ಅಕ್ಕ ಕಣ್ಣು ಮುಚ್ಚಿಕೊಂಡೇ ಲೇಸು, ಗುಂಡಿ, ಒರಟು ಕ್ಯಾನ್ವಾಸುಗಳ ನಡುವೆ ಬೆರಳು ನಡೆಸುತ್ತ, ಯಾವುದೋ ಹೊಸ ಊರಿನಲ್ಲಿ ತಿರುಗಾಡುತ್ತಿರುವಂತೆ ಕಂಡಳು.

"ನಾಳೆ ಡಾಕ್ಟರ್ ಹತ್ರ ಹೋಗೋಣ."

"ನೋಡೋಣ."

೪

ಮುಕ್ತಾಯಗಳು ಎರಡಿವೆ, ಬೇಕಾದ್ದು ಆರಿಸಿಕೊಳ್ಳಿ. ಒಂದರಲ್ಲಿ ಡಾಕ್ಟರು "ಚಿಕ್ಕ ಆಪರೇಷನ್ ಅಷ್ಟೇ" ಎನ್ನುತ್ತಾರೆ. ಇನ್ನೊಂದರಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ಕೂರುತ್ತಾರೆ. ಎರಡನ್ನೂ ತೆಗೆದುಕೊಂಡು ಅಡುಗೆಮನೆಗೆ ಹೋದೆ.

ಅಕ್ಕ ಒಲೆ ಹಚ್ಚುತ್ತಿದ್ದಳು. ಹಿಂದೆ ತಂಗಿ ನಿಂತಿದ್ದಳು. ಅವಳ ಕೈ ಅಕ್ಕನ ಮೊಣಕೈಯತ್ತ ಚಾಚಿತ್ತು, ಇನ್ನೂ ಮುಟ್ಟಿರಲಿಲ್ಲ.

ಮುಟ್ಟಿಸಲೇ? ಬೇಡವೇ? ನೀವಾದರೂ ಹೇಳಿ. ಇವರಿಬ್ಬರಂತೂ ನನ್ನತ್ತ ತಿರುಗುತ್ತಲೇ ಇಲ್ಲ. ನೀಲಿ ಉರಿ ಹೊತ್ತಿಕೊಂಡಿದೆ, ನೀರು ಸಣ್ಣಗೆ ಸದ್ದು ಮಾಡತೊಡಗಿದೆ.